ಬಳಕೆಯಲ್ಲಿರುವ ಜರಡಿ

ಆಸ್ಪತ್ರೆಯ ವ್ಯಾನು ಬೆಳಿಗ್ಗೆ ಆರೂವರೆಗೆ ಬರುತ್ತಿತ್ತು. ಡ್ರೈವರು ಹಿಂಬಾಗಿಲು ತೆಗೆದು, ಕೊಳೆ ಬಟ್ಟೆಯ ಗಂಟುಗಳನ್ನು ಒಂದೊಂದಾಗಿ ಲಾಂಡ್ರಿಯ ಹಿತ್ತಲ ಕೋಣೆಗೆ ಉರುಳಿಸಿ, ಚೀಟಿಗೆ ಸಹಿ ಹಾಕಿಸಿಕೊಂಡು, ಉಸಿರು ಬಿಗಿಹಿಡಿದವನಂತೆ ಹೊರಟುಬಿಡುತ್ತಿದ್ದ. ಗಂಟುಗಳಲ್ಲಿ ಇರಬೇಕಾದದ್ದು ಬೆಡ್‌ಶೀಟು, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ. ಇರುತ್ತಿದ್ದದ್ದು ಅಷ್ಟೇ ಅಲ್ಲ. ಬಾಗಿದ ಇಂಜೆಕ್ಷನ್ ಸೂಜಿ, ಬ್ಲೇಡಿನ ಚೂರು, ಔಷಧದ ಗಾಜಿನ ಶೀಷೆಯ ಮುರಿದ ಕತ್ತು, ಚಮಚ, ಒಮ್ಮೆ ಯಾರದೋ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು. ಇವನ್ನೆಲ್ಲ ಬಟ್ಟೆಯಿಂದ ಬೇರ್ಪಡಿಸದೆ ನೀರಿಗೆ ಹಾಕುವಂತಿರಲಿಲ್ಲ. ಬೇರ್ಪಡಿಸುವುದಕ್ಕೆ ಇದ್ದದ್ದು ಮೂವರು ಹೆಂಗಸರ ಆರು ಕೈ.

ಆ ಮೂವರಲ್ಲಿ ಹಿರಿಯಳು, ಲಾಂಡ್ರಿ ನಡೆಸುತ್ತಿದ್ದ ಲಾಂಡ್ರಿಯಮ್ಮನ ಅತ್ತಿಗೆ, ಅಂದರೆ ಗಂಡನ ಅಕ್ಕ. ಇಪ್ಪತ್ತು ವರ್ಷದಿಂದ ಅದೇ ಮೇಜಿನ ಮುಂದೆ ನಿಂತು ಬಟ್ಟೆ ಬಿಡಿಸಿದವಳು. ಬಟ್ಟೆಯನ್ನು ಮುಟ್ಟಿದ ಕೂಡಲೇ ಒಳಗೆ ಏನಿದೆ ಎಂದು ಅವಳ ಬೆರಳಿಗೆ ಗೊತ್ತಾಗುತ್ತದೆ ಎಂದು ಉಳಿದಿಬ್ಬರು ಹೇಳುತ್ತಿದ್ದರು. ಗೊತ್ತಾಗದೆ ಇದ್ದದ್ದೂ ಉಂಟು. ಎರಡು ವರ್ಷದ ಹಿಂದೆ ಪಕ್ಕದಲ್ಲಿ ನಿಂತಿದ್ದ ಒಬ್ಬಳಿಗೆ ಸೂಜಿ ಚುಚ್ಚಿ, ಅವಳು ಮಾರನೇ ದಿನದಿಂದ ಕೆಲಸಕ್ಕೇ ಬರಲಿಲ್ಲ. ಉಳಿದ ಸಂಬಳ ಕೊಡಲು ಲಾಂಡ್ರಿಯಮ್ಮ ಅವಳ ಮನೆಗೆ ಹೋದಾಗ ಅವಳ ಗಂಡ ಬಾಗಿಲಲ್ಲೇ ನಿಂತು ತೆಗೆದುಕೊಂಡಿದ್ದ, ಒಳಗೆ ಕರೆದಿರಲಿಲ್ಲ.

ಅದು ಲಾಂಡ್ರಿಯಮ್ಮನ ತಲೆಯಲ್ಲಿ ಹುಳದಂತೆ ಕೊರೆಯುತ್ತಿತ್ತು. ಒಂದು ಭಾನುವಾರ ಅಡುಗೆಮನೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಹಾಗೇ ಕೈ ನಿಲ್ಲಿಸಿ, ಮೋಟಾರು ರಿಪೇರಿ ಮಾಡುತ್ತಿದ್ದ ಗಂಡನನ್ನು ಕೂಗಿದಳು. ಬಟ್ಟೆಯನ್ನೂ ಹೀಗೆ ಜರಡಿ ಹಿಡಿಯುವುದಕ್ಕೆ ಆಗುವುದಿಲ್ಲವೇ ಎಂದು ಕೇಳಿದಳು. ಗಂಡ ಮೊದಲು ನಕ್ಕ. ಆಮೇಲೆ ಊಟ ಮಾಡುತ್ತಾ ತಟ್ಟೆಯ ಅಂಚಿನಲ್ಲಿ ಬೆರಳಿನಿಂದ ಏನೋ ಗೀಚತೊಡಗಿದ. ಮೂರು ತಿಂಗಳಲ್ಲಿ ಹಿತ್ತಲ ಕೋಣೆಯಲ್ಲಿ ಒಂದು ಪೀಪಾಯಿ ಎದ್ದು ನಿಂತಿತು. ಮೈತುಂಬ ಉದ್ದುದ್ದ ಸೀಳು ಬಿಟ್ಟ ತಗಡಿನ ಪೀಪಾಯಿ, ಅಡ್ಡ ಮಲಗಿಸಿದ್ದು. ಹಳೇ ವಾಷಿಂಗ್ ಮೆಷಿನ್ನಿನ ಮೋಟಾರು, ಸೈಕಲ್ ಚೈನು, ಕೆಳಗೊಂದು ತಟ್ಟೆ. ಗಂಟು ಬಿಚ್ಚಿ, ಕೈ ಹಾಕದೆ ಹಾಗೇ ಒಳಗೆ ಸುರಿದು ಗುಂಡಿ ಒತ್ತಿದರೆ ಪೀಪಾಯಿ ನಿಧಾನವಾಗಿ ಉರುಳುತ್ತಿತ್ತು. ಬಟ್ಟೆ ಮೇಲೇರಿ ಕೆಳಗೆ ಬೀಳುತ್ತಿತ್ತು, ಅದರೊಳಗಿನ ಲೋಹ, ಗಾಜೆಲ್ಲ ಸೀಳಿನಿಂದ ತಟ್ಟೆಗೆ ಉದುರುತ್ತಿತ್ತು. ಮೊದಲ ದಿನ ಹದಿನೇಳು ಸೂಜಿ, ಒಂದು ಕತ್ತರಿ ಸಿಕ್ಕವು. ಅತ್ತಿಗೆ ತಟ್ಟೆಯನ್ನು ತುಂಬ ಹೊತ್ತು ನೋಡಿದಳು. ಇಷ್ಟನ್ನೂ ದಿನಾ ನಾನೇ ಹುಡುಕುತ್ತಿದ್ದೆನೇ ಎಂದು ಕೇಳಿದಳು.

ಎಂಟು ತಿಂಗಳು ಯಾರಿಗೂ ಒಂದು ಗೀರೂ ಆಗಲಿಲ್ಲ. ಆದರೆ ಯಂತ್ರ ಇನ್ನೂ ಅರೆಬೆಂದದ್ದು. ತಗಡಿನ ಅಂಚಿಗೆ ಸಿಕ್ಕಿ ಬೆಡ್‌ಶೀಟು ಹರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಉರುಳುವಾಗ ಕೊಳೆ ಬಟ್ಟೆಯ ಧೂಳು ಕೋಣೆಯೆಲ್ಲ ತುಂಬುತ್ತಿತ್ತು. ಒಳ್ಳೆಯ ಉಕ್ಕಿನ ನುಣುಪಾದ ಪೀಪಾಯಿ ಬೇಕು, ಧೂಳನ್ನು ಎಳೆದುಕೊಳ್ಳುವ ಫ್ಯಾನಿನ ಮುಚ್ಚಳ ಬೇಕು, ಅದನ್ನು ಪರೀಕ್ಷೆ ಮಾಡಿಸಬೇಕು. ಲಾಂಡ್ರಿಯ ದುಡಿಮೆಯಲ್ಲಿ ಅದಾಗುವ ಮಾತಲ್ಲ.

ಆಗ ಪೇಪರಿನಲ್ಲಿ ಜಾಹೀರಾತು ಬಂತು. ಹೊಸ ಪರಿಹಾರ ಕಂಡುಹಿಡಿಯುವ ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೆರವು, ಸಾಲವಲ್ಲ, ಅನುದಾನ. ಇಸ್ತ್ರಿ ಮಾಡಿದ ಬಟ್ಟೆ ಸುತ್ತುವುದಕ್ಕೆ ಪೇಪರು ಹರಡುತ್ತಿದ್ದ ಅತ್ತಿಗೆಯೇ ಅದನ್ನು ನೋಡಿ ಓದಿ ಹೇಳಿದಳು. ಗಂಡ ಬೇಡವೆಂದ. ಸರ್ಕಾರದ ಬಾಗಿಲಿಗೆ ಹೋದರೆ ಚಪ್ಪಲಿ ಸವೆಯುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ ಎಂಬುದು ಅವನ ಅಭಿಪ್ರಾಯ. ಲಾಂಡ್ರಿಯಮ್ಮ ಅರ್ಜಿ ತರಿಸಿದಳು. ಮೂವತ್ತೆಂಟು ಪುಟ. ಇಪ್ಪತ್ತೊಂದನೇ ಪುಟದಲ್ಲಿ, ನಿಮ್ಮ ಪರಿಹಾರದಿಂದ ಐದು ವರ್ಷಗಳಲ್ಲಿ ಸಮಾಜದಲ್ಲಿ ಆಗುವ ಬದಲಾವಣೆಯನ್ನು ಅಂಕಿಅಂಶದಲ್ಲಿ ವಿವರಿಸಿ ಎಂದಿತ್ತು. ಅವಳು 'ಸೂಜಿ ಚುಚ್ಚುವುದಿಲ್ಲ' ಎಂದು ಬರೆದಳು. ಆ ಪ್ರಶ್ನೆಗೆ ಕೊಟ್ಟಿದ್ದ ಜಾಗ ಇನ್ನೂ ಒಂದೂವರೆ ಪುಟ ಉಳಿದಿತ್ತು. ಕೊನೆಯಲ್ಲಿ ದಪ್ಪಕ್ಷರದಲ್ಲಿ ಒಂದು ಎಚ್ಚರಿಕೆ. ತೀರ್ಮಾನವಾಗುವ ತನಕ ಯಂತ್ರವನ್ನು ಹೊರಗಿನವರಿಗೆ ತೋರಿಸಕೂಡದು.

ಅರ್ಜಿ ಕೊಟ್ಟ ಮೂರನೇ ವಾರ ಕಚೇರಿಯಿಂದ ಕರೆ ಬಂತು. ಮೂರನೇ ಮಹಡಿ, ಲಿಫ್ಟಿಗೆ 'ದುರಸ್ತಿಯಲ್ಲಿದೆ' ಎಂಬ ಹಲಗೆ. ಯೋಜನಾಧಿಕಾರಿ ಮೂವತ್ತೈದರ ಒಳಗಿನ ಸಭ್ಯ ಮನುಷ್ಯ. ಎದ್ದು ನಿಂತು ಕುರ್ಚಿ ತೋರಿಸಿದ, ನೀರು ಕೊಟ್ಟ. ಅವನ ಬಾಯಲ್ಲಿ 'ಹಂತ' ಎಂಬ ಮಾತು ಬಾರದೆ ವಾಕ್ಯ ಮುಗಿಯುತ್ತಿರಲಿಲ್ಲ. ಲಾಂಡ್ರಿಯ ಹೆಂಗಸರು ಆಮೇಲೆ ಅವನಿಗೆ ಹಂತದ ಸಾಹೇಬರು ಎಂದೇ ಹೆಸರಿಟ್ಟರು.

ಯೋಜನೆಯಲ್ಲಿ ಎರಡು ಹಂತಗಳಿವೆ ಎಂದು ಅವನು ವಿವರಿಸಿದ. ಮೊದಲನೆಯದು ಆಲೋಚನೆಯ ಹಂತ. ಇನ್ನೂ ಬಳಕೆಗೆ ಬಾರದ ಯಂತ್ರಗಳಿಗೆ ಮಾತ್ರ. ಎರಡನೆಯದು ಮಾರುಕಟ್ಟೆಯ ಹಂತ. ಕಡೇಪಕ್ಷ ಹತ್ತು ಯಂತ್ರ ಮಾರಿದವರಿಗೆ ಮಾತ್ರ.

"ನಿಮ್ಮದು ಬಳಕೆಯಲ್ಲಿದೆ ಅಂತ ನೀವೇ ಬರೆದಿದ್ದೀರಿ, ಮೇಡಂ. ಹಾಗಾಗಿ ಮೊದಲ ಹಂತಕ್ಕೆ ಬರಲ್ಲ."

"ಹಾಗಾದ್ರೆ ಎರಡನೇದಕ್ಕೆ ಹಾಕಿ."

"ಎಷ್ಟು ಮಾರಿದ್ದೀರಿ?"

"ಒಂದೂ ಇಲ್ಲ. ಮಾರೋ ಹಾಗೆ ಮಾಡೋಕೇ ಅಲ್ವಾ ದುಡ್ಡು ಕೇಳ್ತಿರೋದು? ನಮ್ದು ಇವೆರಡರ ಮಧ್ಯ ಇದೆ."

ಅವನು ಕೈಪಿಡಿಯ ಪುಟಗಳನ್ನು ಹಿಂದೆ ಮುಂದೆ ಮಗುಚಿದ. ನಿಜಕ್ಕೂ ಹುಡುಕುತ್ತಿದ್ದ, ನಾಟಕವಿರಲಿಲ್ಲ. ಕೊನೆಗೆ ತಲೆಯೆತ್ತಿ, "ಮಧ್ಯಕ್ಕೆ ಹಂತ ಇಲ್ಲ ಮೇಡಂ" ಎಂದ.

ಅವನು ಕೆಟ್ಟವನಾಗಿದ್ದರೆ ಅವಳು ಅಲ್ಲಿಂದಲೇ ಮನೆಗೆ ಹೋಗುತ್ತಿದ್ದಳು. ಆದರೆ ಅವನು ಸಹಾಯ ಮಾಡಲು ಹೊರಟ. ಸ್ವರ ತಗ್ಗಿಸಿ, ತಪಾಸಣೆಯ ತಂಡ ಬರುವ ತನಕ ಯಂತ್ರವನ್ನು ನಿಲ್ಲಿಸಿಬಿಡಿ, ಅವರು ಬಂದಾಗ ಅದು ಬಳಕೆಯಲ್ಲಿ ಇರದಿದ್ದರೆ ಸಾಕು, 'ಪ್ರಯೋಗ ಮಾಡಿ ನಿಲ್ಲಿಸಲಾಗಿದೆ' ಎಂದು ಬರೆಯೋಣ, ಹೆಚ್ಚೆಂದರೆ ಎರಡು ವಾರ ಎಂದ. ಅವಳ ಅರ್ಜಿಯ ಆ ಸಾಲನ್ನು ತನ್ನ ಪೆನ್ನಿನಿಂದಲೇ ತಿದ್ದಿ ಅವಳಿಂದ ಸಹಿ ಹಾಕಿಸಿಕೊಂಡ.

ಲಾಂಡ್ರಿಗೆ ಬಂದು ಅವಳು ಇದನ್ನು ಹೇಳಿದಾಗ ಅತ್ತಿಗೆ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಕೇಳಿಸಿಕೊಂಡಳು. "ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ಸರಿ, ಎರಡು ವಾರ ತಾನೇ, ನಿಲ್ಸು. ಇಪ್ಪತ್ತು ವರ್ಷ ಕೈಯಲ್ಲಿ ಮಾಡಿಲ್ವಾ?" ಎಂದಳು. ಅವಳೇ ಒಂದು ಹಳೇ ಬೆಡ್‌ಶೀಟು ತಂದು ಪೀಪಾಯಿಗೆ ಹೊದಿಸಿದಳು. ಮೂಲೆಗೆ ತಳ್ಳಿದ್ದ ಉದ್ದ ಮೇಜನ್ನು ಮತ್ತೆ ನಡುವಿಗೆ ಎಳೆದರು.

ಎರಡು ವಾರ ಕಳೆಯಿತು. ಯಾರೂ ಬರಲಿಲ್ಲ. ಲಾಂಡ್ರಿಯಮ್ಮ ಫೋನು ಮಾಡಿದಾಗ ತಂಡದ ತಜ್ಞರೊಬ್ಬರು ಪರವೂರಿಗೆ ಹೋಗಿದ್ದಾರೆ ಎಂದು ತಿಳಿಯಿತು. ಅವರು ವಾಪಸು ಬಂದ ಮೇಲೆ ಕಚೇರಿಯ ಕಾರು ಸಿಗಲಿಲ್ಲ. ಕಾರು ಸಿಕ್ಕ ವಾರ ಅರ್ಜಿಯ ನಮೂನೆಯೇ ಬದಲಾಯಿತು. ಹಳೆಯದರಲ್ಲಿದ್ದ ಮೂವತ್ತೆಂಟು ಪುಟವನ್ನು ಹೊಸದರ ನಲವತ್ತೊಂದು ಪುಟಕ್ಕೆ ಇಳಿಸಬೇಕಾಯಿತು. ಹೆಚ್ಚಾದ ಮೂರು ಪುಟದಲ್ಲಿ ಅರ್ಜಿ ತುಂಬುವುದು ಎಷ್ಟು ಸುಲಭವಾಗಿತ್ತು ಎಂಬ ಬಗ್ಗೆ ಅಭಿಪ್ರಾಯ ಕೇಳಿದ್ದರು.

ಪ್ರತಿ ಸಲ ಫೋನು ಇಟ್ಟ ಮೇಲೆ ಅವಳು ಹಿತ್ತಲ ಕೋಣೆಗೆ ಹೋಗಿ ಆ ಹೊದಿಕೆಯನ್ನು ಕಿತ್ತೆಸೆಯಬೇಕೆಂದು ನಿಲ್ಲುತ್ತಿದ್ದಳು. ಪ್ರತಿ ಸಲವೂ ಗಂಡನೇ ತಡೆಯುತ್ತಿದ್ದ. ಮೊದಲು ಬೇಡವೆಂದವನಿಗೆ ಈಗ ಆಸೆ ಹತ್ತಿಕೊಂಡಿತ್ತು. ಹೊಸ ಪೀಪಾಯಿಯ ನಕ್ಷೆಯನ್ನು ನಾಲ್ಕು ಸಲ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದ. ಉಕ್ಕಿನ ಅಂಗಡಿಗೆ ಹೋಗಿ ದರ ಕೇಳಿ ಬಂದಿದ್ದ. ಇಷ್ಟು ದಿನ ಕಾದು ಈಗ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗೆ ಮಾಡಿಕೊಳ್ಳುವುದು ಬೇಡ, ಇನ್ನೊಂದು ವಾರ ನೋಡೋಣ ಎನ್ನುತ್ತಿದ್ದ. ಅವಳು ದಪ್ಪ ರಬ್ಬರಿನ ಕೈಗವಸು ತಂದುಕೊಟ್ಟಳು. ಅದನ್ನು ಹಾಕಿಕೊಂಡರೆ ಬಟ್ಟೆಯೊಳಗೆ ಏನಿದೆ ಎಂದು ಬೆರಳಿಗೆ ತಿಳಿಯುತ್ತಿರಲಿಲ್ಲ. ಲಾಂಡ್ರಿಯಮ್ಮ ಆಚೆ ಹೋದ ಕೂಡಲೇ ಅತ್ತಿಗೆ ಅದನ್ನು ಕಳಚಿ ಮೇಜಿನ ಕೆಳಗೆ ಇಡುತ್ತಿದ್ದಳು.

ಒಂಬತ್ತನೇ ವಾರ, ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮುಂದಿನ ಕೋಣೆಯಲ್ಲಿ ಗಿರಾಕಿಯೊಬ್ಬರಿಗೆ ರಸೀದಿ ಬರೆಯುತ್ತಿದ್ದ ಲಾಂಡ್ರಿಯಮ್ಮನಿಗೆ ಹಿಂದುಗಡೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಆ ಸದ್ದು ನಿಲ್ಲಲೇ ಇಲ್ಲ. ಅವಳು ಎದ್ದು ಹೋಗಿ ನೋಡಿದರೆ ಅತ್ತಿಗೆ ಬಲಗೈಯನ್ನು ನೀರಿಗೆ ಹಿಡಿದು ನಿಂತಿದ್ದಳು. ಉಳಿದಿಬ್ಬರು ಮೇಜಿನಿಂದ ನಾಲ್ಕು ಹೆಜ್ಜೆ ದೂರ ಸರಿದಿದ್ದರು. ಮೇಜಿನ ಮೇಲೆ ಒಂದು ದಿಂಬಿನ ಚೀಲ, ಅದರ ಮೇಲೆ ಬೆರಳಿನುದ್ದದ ಸೂಜಿ.

"ಏನೂ ಇಲ್ಲ ಬಿಡು, ಸ್ವಲ್ಪ ತಾಗಿದೆ" ಎಂದಳು ಅತ್ತಿಗೆ, ತಿರುಗಿ ನೋಡದೆ.

ಲಾಂಡ್ರಿಯಮ್ಮ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಅದೇ ಆಸ್ಪತ್ರೆಗೆ ಕರೆದೊಯ್ದಳು. ನರ್ಸು ರಕ್ತ ತೆಗೆದು, ಕೈಗವಸು ಹಾಕಿಕೊಂಡಿರಲಿಲ್ಲವೇ ಎಂದು ಗದರಿದಳು. ಆ ಸೂಜಿ ಯಾವ ರೋಗಿಗೆ ಹಾಕಿದ್ದೋ ಹೇಳುವುದಕ್ಕೆ ಯಾರಿಗೂ ಸಾಧ್ಯವಿರಲಿಲ್ಲ. ನಾಲ್ಕು ವಾರ ಮಾತ್ರೆ ತೆಗೆದುಕೊಳ್ಳಬೇಕು, ಆರು ವಾರವಾದ ಮೇಲೆ ಒಮ್ಮೆ, ಮೂರು ತಿಂಗಳಾದ ಮೇಲೆ ಒಮ್ಮೆ ರಕ್ತ ಪರೀಕ್ಷೆ, ಅಲ್ಲಿಯ ತನಕ ಏನೂ ಹೇಳಲಾಗದು ಎಂದು ಡಾಕ್ಟರು ಹೇಳಿದರು. ಮಾತ್ರೆಯ ಚೀಟಿ ಬರುವ ತನಕ ಇಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕುಳಿತರು. ಎದುರಿಗೆ ಒಬ್ಬ ಆಯಾ ಕೈಗಾಡಿಯಲ್ಲಿ ಕೊಳೆ ಬಟ್ಟೆಯ ಗಂಟುಗಳನ್ನು ತಳ್ಳಿಕೊಂಡು ಹೋದಳು, ನಾಳೆ ಬೆಳಿಗ್ಗೆ ವ್ಯಾನಿನಲ್ಲಿ ಬರಬೇಕಾದ ಗಂಟುಗಳು.

ಲಾಂಡ್ರಿಯಮ್ಮ ತಪ್ಪಾಯಿತು ಎನ್ನಲು ಅವಳ ಕಡೆ ತಿರುಗಿದಳು. ಅದಕ್ಕೆ ಮೊದಲೇ ಅತ್ತಿಗೆ ಮಾತಾಡಿದಳು.

"ಮೆಷಿನ್ನು ಬೆಡ್‌ಶೀಟು ಹೊದ್ಕೊಂಡು ಮಲಗಿತ್ತು. ನಾನು ಕೈ ಹಾಕ್ದೆ. ಹೇಗಿದೆ ನೋಡು."

"ಅತ್ತಿಗೆ, ನಾನು..."

"ನಿನ್ನ ಅಂತಿಲ್ಲ. ಹೊದಿಸಿದ್ದು ನಾನೇ. ಆದ್ರೆ ನನಗೆ ಎಷ್ಟು ಸಿಟ್ಟು ಬರ್ತಿದೆ ಅಂದ್ರೆ, ಯಾರ ಮೇಲೆ ಮಾಡ್ಕೋಬೇಕು ಅಂತ ಗೊತ್ತಾಗ್ತಿಲ್ಲ. ಯಾರೂ ಕೆಟ್ಟವರಿಲ್ಲವಲ್ಲೇ ಇದ್ರಲ್ಲಿ."

ಅತ್ತಿಗೆಯನ್ನು ಮನೆಗೆ ಬಿಟ್ಟು ಲಾಂಡ್ರಿಯಮ್ಮ ಸೀದಾ ಹಿತ್ತಲ ಕೋಣೆಗೆ ಬಂದಳು. ಹೊದಿಕೆ ಎಳೆದು ನೆಲಕ್ಕೆ ಹಾಕಿದಳು. ಗಂಡ ಬಾಗಿಲಲ್ಲಿ ನಿಂತಿದ್ದ. ಬಂದು ಚೈನಿಗೆ ಎಣ್ಣೆ ಬಿಟ್ಟ. ಉಳಿದಿದ್ದ ಗಂಟುಗಳನ್ನೆಲ್ಲ ಅವರಿಬ್ಬರೇ ಪೀಪಾಯಿಗೆ ಸುರಿದು ಸಂಜೆಯ ತನಕ ಉರುಳಿಸಿದರು. ಅಡುಗೆಮನೆಯ ಗೋಡೆಯ ನಕ್ಷೆಗಳು ಮಾರನೇ ದಿನ ಅಲ್ಲಿರಲಿಲ್ಲ.

ಒಂಬತ್ತು ವಾರ ಬಾರದವರು ಗುರುವಾರ ಬಂದರು, ಮುಂಚಿತವಾಗಿ ಒಂದು ಫೋನೂ ಇಲ್ಲದೆ. ಹಂತದ ಸಾಹೇಬರು, ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬ ಮೇಡಂ, ಮತ್ತು ಲೆಕ್ಕಪತ್ರ ವಿಭಾಗದ ಒಬ್ಬ. ಆ ಮೂರನೆಯವನು ಬಂದ ಕೂಡಲೇ ಬೆಂಕಿ ಆರಿಸುವ ಸಿಲಿಂಡರು ಎಲ್ಲಿದೆ ಎಂದು ಕೇಳಿ, ಅದರ ತಾರೀಕು ಬರೆದುಕೊಂಡು, ಆಮೇಲೆ ಯಾವುದರಲ್ಲೂ ಆಸಕ್ತಿ ತೋರಿಸಲಿಲ್ಲ. ಹಿತ್ತಲ ಕೋಣೆಯಲ್ಲಿ ಪೀಪಾಯಿ ಗಡಗಡ ಉರುಳುತ್ತಿತ್ತು. ತಟ್ಟೆಯಲ್ಲಿ ಆಗಲೇ ಐದಾರು ಸೂಜಿ ಬಿದ್ದಿದ್ದವು.

ಸಾಹೇಬರ ಮುಖ ಪೆಚ್ಚಾಯಿತು. ಅವರು ಬೇಗ ಮುಂದೆ ಬಂದು, ಉಳಿದವರಿಗೆ ಕೇಳುವಂತೆ, "ಇವತ್ತು ಪರೀಕ್ಷೆಗೆ ಅಂತ ಓಡಿಸ್ತಿದ್ದೀರಿ, ಅಲ್ವಾ ಮೇಡಂ?" ಎಂದರು.

ಹೂಂ ಎಂದರೆ ಮುಗಿಯುತ್ತಿತ್ತು. ಸಾಹೇಬರು ಅವಳ ಬಾಯನ್ನೇ ನೋಡುತ್ತಿದ್ದರು. ಬಾಗಿಲ ಬಳಿ ಗಂಡ ನಿಂತಿದ್ದ. ಮಾತ್ರೆ ನುಂಗಿ ಎರಡು ದಿನದಿಂದ ವಾಕರಿಕೆಯಲ್ಲಿದ್ದ ಅತ್ತಿಗೆ, ಮನೆಯಲ್ಲಿ ಕೂರಲಾರೆ ಎಂದು ಬಂದವಳು, ಮೂಲೆಯ ಸ್ಟೂಲಿನ ಮೇಲೆ ಒಗೆದ ಟವೆಲು ಮಡಿಸುತ್ತಿದ್ದಳು.

"ಅಲ್ಲ" ಎಂದಳು ಲಾಂಡ್ರಿಯಮ್ಮ. "ದಿನಾ ಓಡುತ್ತೆ. ನೀವು ಹೇಳಿದ್ರಿ ಅಂತ ಒಂಬತ್ತು ವಾರ ನಿಲ್ಸಿದ್ದೆ. ಅಷ್ಟರಲ್ಲಿ ನಮ್ಮ ಅತ್ತಿಗೆಗೆ ಸೂಜಿ ಚುಚ್ಚಿತು. ಇನ್ನು ನಿಲ್ಸಲ್ಲ. ಬಳಕೆಯಲ್ಲಿದೆ ಅಂತಾನೇ ಬರ್ಕೊಳ್ಳಿ."

ಅವಳ ದನಿ ಏರಲಿಲ್ಲ. ಸಾಹೇಬರು ಅತ್ತಿಗೆಯ ಕಡೆ ನೋಡಿದರು. ಅತ್ತಿಗೆ ಟವೆಲು ಮಡಿಸುವುದನ್ನು ನಿಲ್ಲಿಸಲಿಲ್ಲ. ಕಾಲೇಜಿನ ಮೇಡಂ ಮಾತ್ರ ಏನೂ ಕೇಳಿಸದವರಂತೆ ಪೀಪಾಯಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಸೀಳಿನ ಅಗಲವನ್ನು ಅಳೆದು, ಧೂಳಿಗೆ ಏನು ಮಾಡಬೇಕೆಂದಿದ್ದೀರಿ ಎಂದು ಗಂಡನನ್ನು ಕೇಳಿದರು. ಗಂಡ ಮೊದಲು ತೊದಲಿ, ಆಮೇಲೆ ಕೈಯಾಡಿಸಿ ವಿವರಿಸತೊಡಗಿದ. ಹೋಗುವಾಗ ಆ ಮೇಡಂ ಅತ್ತಿಗೆಯ ಹತ್ತಿರ ನಿಂತು, ಯಾವ ಕೈ ಎಂದು ಕೇಳಿದರು. ಅತ್ತಿಗೆ ಬಲಗೈ ಎತ್ತಿ ತೋರಿಸಿದಳು. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ.

ಹದಿನೈದು ದಿನದಲ್ಲಿ ಪತ್ರ ಬಂತು. ಸದರಿ ಯಂತ್ರವು ಈಗಾಗಲೇ ಬಳಕೆಯಲ್ಲಿರುವುದು ತಪಾಸಣೆಯಲ್ಲಿ ಕಂಡುಬಂದಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಕೆಳಗೆ, ನಿಮ್ಮ ಮುಂದಿನ ಪ್ರಯತ್ನಗಳಿಗೆ ಶುಭಾಶಯಗಳು.

ಅವಳು ಮೂರು ಮಹಡಿ ಹತ್ತಿ ಹೋದಳು. ಜಗಳಕ್ಕೇ ಹೋದದ್ದು. ಹಂತದ ಸಾಹೇಬರು ಅವಳನ್ನು ಕಂಡ ಕೂಡಲೇ ಎದ್ದು ನಿಂತರು, ಆದರೆ ಈ ಸಲ ಕುರ್ಚಿ ತೋರಿಸುವುದನ್ನು ಮರೆತರು. ಕಂಡದ್ದನ್ನು ಬರೆದೆ, ಬೇರೆ ಏನು ಬರೆಯಲಿ ಎಂದರು. ಆಮೇಲೆ ತಾವೇ ಕುರ್ಚಿಯಲ್ಲಿ ಕುಸಿದು ಕುಳಿತು ಹೇಳಿಕೊಂಡರು. ಅರವತ್ತು ಅರ್ಜಿಯಲ್ಲಿ ಪಾಸಾದದ್ದು ನಾಲ್ಕು. ದುಡ್ಡು ಹಾಗೇ ಉಳಿದಿದೆ. ಖರ್ಚಾಗಲಿಲ್ಲವೆಂದು ಮೇಲಿನವರು ಬೈಯುತ್ತಾರೆ. ಖರ್ಚು ಮಾಡೋಣವೆಂದರೆ ಅದೇ ಮೇಲಿನವರು ಬರೆದ ಕೈಪಿಡಿ ಬಿಡುವುದಿಲ್ಲ.

"ನನಗೂ ಸಾಕಾಗಿದೆ ಮೇಡಂ. ನಿಮ್ಮ ಅತ್ತಿಗೆ ವಿಷಯ ಕೇಳಿದ ಮೇಲೆ ಎರಡು ದಿನ ನನಗೆ ಸರಿಯಾಗಿ ಊಟ ಸೇರಲಿಲ್ಲ."

ಅವಳಿಗೆ ಅವರ ಮೇಲೆ ಕನಿಕರ ಬಂತು. ಕನಿಕರ ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ತಾನು ತಂದಿದ್ದ ಜಗಳವನ್ನು ಇಳಿಸುವುದಕ್ಕೆ ಒಂದು ತಲೆಯೂ ಸಿಗಲಿಲ್ಲವಲ್ಲ ಎಂದು ಮೆಟ್ಟಿಲಿಳಿಯುವಾಗ ಅವಳಿಗೆ ಅಳುವೇ ಬಂದಂತಾಯಿತು.

ಆ ರಸ್ತೆಯಲ್ಲಿ ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ಇನ್ನೂ ಹನ್ನೊಂದು ಲಾಂಡ್ರಿಗಳಿದ್ದವು. ಮೊದಲು ಪೈಪೋಟಿಯಿಂದ, ಆಮೇಲೆ ಅರ್ಜಿಯ ಎಚ್ಚರಿಕೆಗೆ ಹೆದರಿ, ಇಷ್ಟು ದಿನ ಅವರಾರಿಗೂ ಅವಳು ಯಂತ್ರ ತೋರಿಸಿರಲಿಲ್ಲ. ಕಚೇರಿಯಿಂದ ಬಂದವಳು ಮನೆಗೆ ಹೋಗದೆ ಪಕ್ಕದ ಲಾಂಡ್ರಿಯ ಸೋಪಣ್ಣನ ಬಾಗಿಲಿಗೆ ಹೋದಳು. ಸೋಪಿನ ಪುಡಿಯ ವಿಷಯದಲ್ಲಿ ಜಿಪುಣನೆಂದು ಅವನಿಗೆ ಆ ಹೆಸರು. ಹತ್ತು ವರ್ಷದಿಂದ ಗಿರಾಕಿಗಳಿಗಾಗಿ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಅಣ್ಣಾ, ಒಂದು ಯಂತ್ರ ಇದೆ, ಬಂದು ನೋಡು ಎಂದಳು.

"ಒಂದು ವರ್ಷದಿಂದ ಗಡಗಡ ಅಂತಿದೆ. ನಿಮ್ಮ ಗೋಡೆ ಎಷ್ಟು ತೆಳು ಅಂತ ನಿನಗೆ ಗೊತ್ತಾ?" ಎಂದ ಸೋಪಣ್ಣ. "ಕರೀತೀಯ ಕರೀತೀಯ ಅಂತ ಕಾಯ್ತಿದ್ದೆ. ನನ್ನ ತಂಗಿಗೂ ಹೋದ ವರ್ಷ ಚುಚ್ಚಿತ್ತಮ್ಮ. ನಾವು ಯಾರಿಗೂ ಹೇಳಲಿಲ್ಲ."

ಆಮೇಲೆ ಕೆಲಸ ತಾನಾಗಿ ನಡೆಯಿತು ಎನ್ನುವಂತಿಲ್ಲ. ಸೋಪಣ್ಣ ತಗಡಿನ ದರಕ್ಕೆ ನಾಲ್ಕು ದಿನ ಚೌಕಾಸಿ ಮಾಡಿದ. ಇನ್ನೊಬ್ಬ, ತನ್ನ ಹೆಂಗಸರಿಗೆ ಅಭ್ಯಾಸವಿದೆ, ಯಂತ್ರ ಬೇಡ ಎಂದ. ಮತ್ತೊಬ್ಬ ಮೋಟಾರು ತರುತ್ತೇನೆಂದು ಸುಟ್ಟ ಮಿಕ್ಸಿ ತಂದ. ಆದರೂ ಒಂದೊಂದೇ ಪೀಪಾಯಿ ಎದ್ದಿತು. ಅವರವರ ಹಳೇ ಮೋಟಾರು, ಅವರವರ ತಗಡು, ಕೂಲಿ ಮಾತ್ರ ಲಾಂಡ್ರಿಯಮ್ಮನ ಗಂಡನಿಗೆ. ಒಂದು ಭಾನುವಾರ ಕಾಲೇಜಿನ ಮೇಡಂ ಯಾರೂ ಕರೆಯದೆ ಬಂದು, ಧೂಳಿನ ಮುಚ್ಚಳದ ಒಂದು ನಕ್ಷೆ ಕೊಟ್ಟು, ನನ್ನ ಹೆಸರು ಕಚೇರಿಯಲ್ಲಿ ಎತ್ತಬೇಡಿ ಎಂದು ಹೇಳಿ ಹೋದರು.

ಆರನೇ ವಾರದ ಪರೀಕ್ಷೆಯಲ್ಲಿ ಅತ್ತಿಗೆಗೆ ಏನೂ ಇಲ್ಲವೆಂದು ಬಂತು. ಮೂರನೇ ತಿಂಗಳಿನದರಲ್ಲೂ ಇಲ್ಲವೆಂದು ಬಂತು. ಲಾಂಡ್ರಿಯಮ್ಮ ಆ ಚೀಟಿಯನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಮೂರು ಸಲ ಓದಿದಳು. ಅತ್ತಿಗೆ ಅದನ್ನು ಇಸಿದುಕೊಂಡು ನಾಲ್ಕಾಗಿ ಮಡಿಸಿ ಪರ್ಸಿಗೆ ಹಾಕಿಕೊಂಡು, ಹಸಿವಾಗುತ್ತಿದೆ ಎಂದಳು. ಆದರೆ ಬಟ್ಟೆ ಬಿಡಿಸುವ ಕೆಲಸಕ್ಕೆ ಅವಳು ಮತ್ತೆ ನಿಲ್ಲಲಿಲ್ಲ. ಪೀಪಾಯಿಯಿಂದ ಹೊರಬಂದ ಬಟ್ಟೆಯನ್ನೂ ಮುಟ್ಟುತ್ತಿರಲಿಲ್ಲ. ಒಂದೆರಡು ಸಲ ಪ್ರಯತ್ನಿಸಿ, "ಕೈ ಮುಂದಕ್ಕೆ ಹೋಗಲ್ಲ ಕಣೇ" ಎಂದು ವಾಪಸು ಬಂದಳು. ಒಗೆದು ಒಣಗಿದ್ದನ್ನು ಮಡಿಸುವ ಕೆಲಸ ಅವಳದಾಯಿತು. ಇಪ್ಪತ್ತು ವರ್ಷದ ಬೆರಳಿನ ಜಾಣತನ ಅಲ್ಲಿಗೆ ಮುಗಿಯಿತು.

ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಏಳು ಯಂತ್ರಗಳು ಆಗಿದ್ದವು. ಹಂತದ ಸಾಹೇಬರು ಫೋನು ಮಾಡಿದರು. ಹತ್ತು ರಸೀದಿ ಇದ್ದರೆ ಎರಡನೇ ಹಂತಕ್ಕೆ ಈಗಲೇ ಹಾಕಬಹುದು, ಇನ್ನು ನಾಲ್ಕೇ ದಿನ ಉಳಿದಿದೆ, ಮುಂಗಡ ಪಡೆದ ರಸೀದಿಯಾದರೂ ಆದೀತು ಎಂದರು. ಸೋಪಣ್ಣ ತನ್ನ ಹೆಸರಿನಲ್ಲೇ ಮೂರು ರಸೀದಿ ಬರೆದುಕೋ ಎಂದ. ಲಾಂಡ್ರಿಯಮ್ಮ ಬೇಡವೆಂದಳು. ಒಂದು ಸಲ ಅವರಿಗೆ ಬೇಕಾದಂತೆ ಬರೆದುಕೊಟ್ಟು ನೋಡಿಯಾಗಿದೆ ಎಂದಷ್ಟೇ ಹೇಳಿದಳು. ಯೋಜನೆಯಲ್ಲಿ ಉಳಿದಿದ್ದ ದುಡ್ಡು ಸರ್ಕಾರಕ್ಕೆ ವಾಪಸು ಹೋಯಿತು.

ಸಾಹೇಬರು ಮೇಲಕ್ಕೆ ಏನು ಬರೆದರೋ, ಎಷ್ಟು ಸಲ ಬರೆದರೋ, ಮುಂದಿನ ವರ್ಷದ ಕೈಪಿಡಿಯಲ್ಲಿ ಮೂರನೆಯದೊಂದು ಹಂತ ಸೇರಿತ್ತು. ಬಳಕೆಯಲ್ಲಿದ್ದು, ಇನ್ನೂ ಸುಧಾರಿಸಬೇಕಾದ ಯಂತ್ರಗಳಿಗೆ. ಆ ಪುಟ ಹಿಡಿದುಕೊಂಡು ಅವರೇ ಲಾಂಡ್ರಿಗೆ ಬಂದರು. ಮುಖದಲ್ಲಿ ಪರೀಕ್ಷೆ ಪಾಸಾದ ಸಂತೋಷವಿತ್ತು. ಅರ್ಜಿ ನಲವತ್ತನಾಲ್ಕು ಪುಟ. ತಪಾಸಣೆಗೆ ಎಷ್ಟು ದಿನ ಎಂದು ಅವಳು ಕೇಳಿದಳು. ಎರಡು ವಾರ ಎಂದು ಹೇಳಹೊರಟವರು ನಾಲಗೆ ಕಚ್ಚಿಕೊಂಡು, ಯಂತ್ರ ನಿಲ್ಲಿಸಬೇಕಾಗಿಲ್ಲ ಎಂದರು. ಈ ಸಲ ಅರ್ಜಿಯನ್ನು ಗಂಡ ತುಂಬಿದ. ಸಮಾಜದ ಬದಲಾವಣೆಯ ಪುಟಕ್ಕೆ ಅವನೂ ಒಂದೇ ಸಾಲು ಬರೆದ.

ಮೊದಲ ಅರ್ಜಿ ಹಾಕಿ ಒಂದೂವರೆ ವರ್ಷವಾದ ಮೇಲೆ ಅನುದಾನ ಬಂತು. ಉಕ್ಕಿನ ಪೀಪಾಯಿ ಆಯಿತು, ರಸ್ತೆಯ ಅಷ್ಟೂ ಯಂತ್ರಗಳಿಗೆ ಫ್ಯಾನಿನ ಮುಚ್ಚಳ ಆಯಿತು. ಹಿತ್ತಲ ಕೋಣೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ನಿಲ್ಲುವಂತಾಯಿತು. ಒಳ್ಳೆಯದೇ ಆಯಿತು. ಆದರೆ ಲಾಂಡ್ರಿಯಮ್ಮನಿಗೆ ತಾನು ಎಣಿಸಿದಂಥ ಸಂತೋಷವಾಗಲಿಲ್ಲ, ಕಾಲುನೋವು ನಿಂತ ಮೇಲೆ ಬರುವಂಥ ಒಂದು ಬಿಡುಗಡೆ ಮಾತ್ರ ಆಯಿತು.

ಸ್ವಲ್ಪ ದಿನ ಬಿಟ್ಟು ಸಾಹೇಬರು ಮತ್ತೆ ಬಂದರು. ಯೋಜನೆಯ ಪುಸ್ತಕದಲ್ಲಿ ಫಲಾನುಭವಿಗಳ ಕಥೆ ಹಾಕುತ್ತಾರಂತೆ. ನೆರವಿಗೆ ಮೊದಲು ಹೇಗಿತ್ತು, ನೆರವಿನ ನಂತರ ಹೇಗಾಯಿತು ಎಂದು ಅರ್ಧರ್ಧ ಪುಟ ಬರೆದುಕೊಡಬೇಕು. ಅವಳು ಇಸ್ತ್ರಿ ಮೇಜಿನ ಮೇಲೇ ಕಾಗದ ಇಟ್ಟು ಬರೆದಳು. ಸಾಹೇಬರು ನಿಂತೇ ಓದಿದರು. ಮೊದಲ ಭಾಗದಲ್ಲಿ, ನೆರವು ಸಿಗಲೆಂದು ಯಂತ್ರವನ್ನು ಒಂಬತ್ತು ವಾರ ನಿಲ್ಲಿಸಿದ್ದು, ಆಗ ಅತ್ತಿಗೆಗೆ ಸೂಜಿ ಚುಚ್ಚಿದ್ದು, ಮೂರು ತಿಂಗಳು ಮನೆಯಲ್ಲಿ ಯಾರೂ ಗಟ್ಟಿಯಾಗಿ ನಗದೆ ಇದ್ದದ್ದು ಎಲ್ಲವೂ ಇತ್ತು.

"ಇದೊಂದು ಭಾಗ ಬಿಟ್ರೆ ತುಂಬ ಚೆನ್ನಾಗಿದೆ ಮೇಡಂ" ಎಂದರು ಅವರು, ಮೆಲ್ಲಗೆ.

"ಬಿಟ್ರೆ ಉಳಿದಿದ್ದಕ್ಕೆ ನನ್ನ ಸಹಿ ಇರಲ್ಲ, ಸಾರ್."

ಸಾಹೇಬರು ಆ ಭಾಗವನ್ನು ಇನ್ನೊಮ್ಮೆ ಓದಿದರು. ಮಡಿಸುವ ಮೇಜಿನ ಬಳಿ ಅತ್ತಿಗೆ ದಿಂಬಿನ ಚೀಲಗಳನ್ನು ಹತ್ತರ ಕಟ್ಟು ಮಾಡುತ್ತಿದ್ದಳು, ಆದರೆ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಕೊನೆಗೆ ಅವರು ತಮ್ಮದೇ ಪೆನ್ನು ತೆಗೆದು ಅವಳ ಮುಂದೆ ಚಾಚಿದರು. ಅವಳು ಸಹಿ ಹಾಕಿಕೊಟ್ಟಳು. ಒಂದಕ್ಷರವನ್ನೂ ತಿದ್ದದೆ ಅದನ್ನು ಫೈಲಿನಲ್ಲಿ ಇಟ್ಟುಕೊಂಡು ಅವರು ಹೋದರು. ಅದು ಹಾಗೆಯೇ ಅಚ್ಚಾಯಿತೋ ಇಲ್ಲವೋ ಎಂದು ಲಾಂಡ್ರಿಯಮ್ಮ ಮುಂದೆ ಯಾವತ್ತೂ ವಿಚಾರಿಸಲಿಲ್ಲ.